ತಂಬೂರಿ ಮತ್ತು ವಿದ್ಯುತ್ತು

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಪಾಪಿನಾಯಕನಹಳ್ಳಿ ಒಂದು ನಿಲ್ದಾಣ. ಸುತ್ತಲೂ ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳು. ಅದೇ ಮಾರ್ಗದಲ್ಲಿ ಇನ್ನಷ್ಟು ಮುಂದೆ ಹೋದರೆ ದರೋಜಿ. ಬುರ್ರಕಥೆಯ ಈರಮ್ಮನವರ ಊರು. ಅಕ್ಷರ ಬಾರದ ಈ ತಾಯಿ ಹಲವು ದೀರ್ಘ ಕಾವ್ಯಗಳನ್ನು ಕಂಠಸ್ಥವಾಗಿಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಬುರ್ರಕಥೆಯಲ್ಲಿ ಮುಖ್ಯ ಗಾಯಕರು ಹಾಡುತ್ತ, ನಡುನಡುವೆ ಮಾತನಾಡುತ್ತ ಕಥೆಯನ್ನು ನಡೆಸಿದರೆ, ಜೊತೆಯವರು ಬುರ್ರವೆಂಬ ವಾದ್ಯವನ್ನು ನುಡಿಸುತ್ತ ದನಿಗೂಡಿಸುತ್ತಾರೆ. ಕಥೆಯ ವೀರನು ಮಡಿಯುವಲ್ಲಿ ಗಾಯಕಿಯ ಕಂಠ ಬಿಗಿದು ನಿಂತರೆ ವಾದ್ಯವೂ ನಿಲ್ಲುತ್ತದೆ. ಯಂತ್ರಕ್ಕೆ ಈ ದಾಕ್ಷಿಣ್ಯ ತಿಳಿಯದು.

ಹಾಗೆಂದು ಯಂತ್ರವನ್ನು ಹಳಿಯುವುದು ಸಲ್ಲದು. ಎತ್ತರದ ತಂಬೂರಿಯನ್ನು ಹೊತ್ತು ಊರೂರು ತಿರುಗಿದವರಿಗೆ ಅದರ ಕಷ್ಟ ಗೊತ್ತು. ಕೊಳಲು ವಾದಕರೂ ಇಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅದರಲ್ಲಿ ತಂತಿಯಿಲ್ಲ, ತಿದಿಯಿಲ್ಲ; ವಿದ್ಯುತ್ತಿನ ಕಂಪನವೇ ಸ್ವರವಾಗಿ ಹೊಮ್ಮುತ್ತದೆ.

ಚಲನಚಿತ್ರದ ಆಸರೆಯಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ಸ್ವತಂತ್ರ ಸಂಗೀತಗಾರರು ಈ ಎರಡು ದಡಗಳ ನಡುವೆ ಓಡಾಡುತ್ತಲೇ ಇದ್ದಾರೆ. ಇಂಗ್ಲೆಂಡಿನ ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ ಎಂಬ ಜೋಡಿಯ ಸೌಮ್ಯ ಗೀತೆಯೊಂದು 1994ರಲ್ಲಿ ಹೊರಬಂದಾಗ ಹೆಚ್ಚು ಜನರು ಕಿವಿಗೊಡಲಿಲ್ಲ. ಮರುವರ್ಷ ಅಮೆರಿಕದ ಟಾಡ್ ಟೆರ್ರಿ ಅದಕ್ಕೆ ಯಂತ್ರದ ಕುಣಿತದ ಲಯವನ್ನು ಕೂಡಿಸಿದರು; ಹಾಡು ದೇಶದೇಶಗಳನ್ನು ಸುತ್ತಿತು. ಕಂಠ ಮಾತ್ರ ಮೊದಲಿನದೇ!

ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಭರತನಾಟ್ಯವನ್ನೂ ಅಭ್ಯಾಸ ಮಾಡಿದ ರಘು ದೀಕ್ಷಿತರು ಗಿಟಾರನ್ನು ತಾವಾಗಿಯೇ ಕಲಿತರು. ಏಕತಾರಿಯ ನಾದದೊಡನೆ ಭಜನೆಯ ಜಗಲಿಗಳಲ್ಲಿ ಬಾಳಿಬಂದಿದ್ದ ಶಿಶುನಾಳ ಶರೀಫರ ತತ್ವಪದಗಳನ್ನು ಅವರ ತಂಡವು ಗಿಟಾರು, ಡ್ರಮ್ಮುಗಳ ನಡುವೆ ತಂದು ನಿಲ್ಲಿಸಿತು. 2008ರಲ್ಲಿ ಅವರ ಮೊದಲ ಆಲ್ಬಮ್ ಹೊರಬಂದಿತು. 2010ರಲ್ಲಿ ಅವರು ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು. ಇದು ಅಪಚಾರವೆಂದು ಹಿರಿಯರಾರಾದರೂ ಮುಖ ತಿರುಗಿಸಿದ್ದರೆ ಆಶ್ಚರ್ಯವೇನಿಲ್ಲ. ಆದರೆ ತತ್ವಪದವು ಅಷ್ಟು ಸುಲಭವಾಗಿ ಕೆಡುವ ವಸ್ತುವಲ್ಲ. ವಾದ್ಯಗಳನ್ನೆಲ್ಲ ಒಂದೊಂದಾಗಿ ಕೆಳಗಿಟ್ಟರೂ ಅದು ನಿಂತೀತು. ಹೊಸ ಹಾಡನ್ನು ಕಟ್ಟುವವನಿಗೆ ಆ ಧೈರ್ಯವಿಲ್ಲ. ಕಂಠದ ಸಣ್ಣ ನಡುಕವನ್ನೂ ಯಂತ್ರದ ಸದ್ದು ಮುಚ್ಚಿಕೊಡುತ್ತದೆ, ಬರಿಯ ಗಿಟಾರು ಮುಚ್ಚಿಕೊಡುವುದಿಲ್ಲ.

ಈರಮ್ಮನವರು 2014ರಲ್ಲಿ ತೀರಿಕೊಂಡರು. ಅವರು ಹಾಡಿದ ಕಾವ್ಯಗಳಲ್ಲಿ ಕೆಲವನ್ನು ವಿದ್ವಾಂಸರು ಬರಹಕ್ಕಿಳಿಸಿ ಅಚ್ಚು ಮಾಡಿಸಿದ್ದಾರೆ. ಅಚ್ಚಿನ ಪುಟದಲ್ಲಿ ಮಾತು ಉಳಿದಿದೆ. ಮಾತಿನ ನಡುವೆ ಕಂಠ ಬಿಗಿದು ನಿಂತ ಆ ಗಳಿಗೆ ಅಲ್ಲಿಲ್ಲ. ಅದನ್ನು ಕೇಳಬೇಕೆಂದರೆ ಧ್ವನಿಮುದ್ರಣವನ್ನೇ ಆಶ್ರಯಿಸಬೇಕು. ಅದಕ್ಕೆ ವಿದ್ಯುತ್ತು ಬೇಕು.