ಇನ್ನೊಂದಾರು ತಿಂಗಳು ಕಾಯೋಣ

"ಅಪ್ಪ, ಈಗ ತಗೊಂಡ್ರೆ ಮೂರು ತಿಂಗಳಿಗೇ ಹಳೇ ಮಾಡೆಲ್ ಆಗುತ್ತಂತೆ. ಏನ್ ಮಾಡೋಣ?"

2024ರ ಆಗಸ್ಟ್ ತಿಂಗಳ ಒಂದು ಸಂಜೆ ಮಗಳು ಹೀಗೆ ಕೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ಅವಳು ಕೇಳಿದ್ದು ಕಂಪ್ಯೂಟರಿನ ವಿಷಯ. ನನ್ನ ಮೌನಕ್ಕೆ ಕಾರಣ ಮಾತ್ರ 28 ವರ್ಷ ಹಿಂದಿನದು.

1996ರಲ್ಲಿ ನಾನು ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನ ತಮ್ಮ ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಡಿಟಿಪಿ ಎಂಬ ಮಾತು ಆಗ ಊರಿಗೆ ಹೊಸತು. "ಅಣ್ಣ, ಒಂದು ಕಂಪ್ಯೂಟರ್ ಕೊಡಿಸು. ಲಗ್ನಪತ್ರಿಕೆ, ಕರಪತ್ರ ಎಲ್ಲಾ ಮನೇಲೇ ಮಾಡ್ತೀನಿ" ಎಂದ. ಸುಮಾರು 60 ಸಾವಿರ ರೂಪಾಯಿಯ ಮಾತು, ನನ್ನ ಒಂದು ವರ್ಷದ ಸಂಬಳ. ಬ್ಯಾಂಕಿನಲ್ಲಿ ಸಾಲ ಕೊಡಲು ಒಪ್ಪಿದ್ದರು. ಆದರೆ ನಾನು ಪತ್ರಿಕೆ ಓದುವ ಬುದ್ಧಿವಂತ! 486 ಹಳೆಯದಾಗಿ ಪೆಂಟಿಯಂ ಬಂದಿತ್ತು, ಪೆಂಟಿಯಂ ಬೆಲೆ ಇಳಿಯುತ್ತಿತ್ತು. "ಇನ್ನೊಂದಾರು ತಿಂಗಳು ಕಾಯೋಣ ಕಣೋ" ಎಂದೆ. ಆರು ತಿಂಗಳ ನಂತರ ಮತ್ತೆ ಅದನ್ನೇ ಎಂದೆ. 1997ರಲ್ಲಿ ಪೆಂಟಿಯಂ 2 ಬಂತು. ಆಗಲೂ ಅದನ್ನೇ ಎಂದೆ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಎದುರು ಬೇರೆ ಯಾರೋ ಡಿಟಿಪಿ ಸೆಂಟರ್ ತೆರೆದರು. ತಮ್ಮ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿಗೆ ಸೇರಿಕೊಂಡ. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರಾಗುತ್ತಿತ್ತೇನೋ.

ಈಗ ಮಗಳ ವಿಷಯಕ್ಕೆ ಬರೋಣ. ಅವಳು ಪತ್ರಿಕೋದ್ಯಮ ಓದುತ್ತಿದ್ದಾಳೆ, ವಿಡಿಯೊ ಸಂಕಲನ ಅವಳ ಒಂದು ವಿಷಯ. ಮನೆಯಲ್ಲಿ ಹಳೆಯ ಮಾನಿಟರು, ಕೀಲಿಮಣೆ, ಮೌಸ್ ಇದ್ದವು. ಹೀಗಾಗಿ ಪರದೆ ಇಲ್ಲದ, ಪೆಟ್ಟಿಗೆ ಮಾತ್ರ ಸಿಗುವ ಪುಟ್ಟ ಡೆಸ್ಕ್‌ಟಾಪ್ ಆದರೆ ಸಾಕು ಎಂದು ಆ್ಯಪಲ್ ಕಂಪನಿಯ ಮ್ಯಾಕ್ ಮಿನಿಯನ್ನು ಆರಿಸಿಕೊಂಡಿದ್ದಳು. ಆಗ ಅಂಗಡಿಯಲ್ಲಿದ್ದುದು 2023ರ ಜನವರಿಯಲ್ಲಿ ಬಂದ ಎಂ2 ಮಾದರಿ. ಬೆಲೆ 59,900 ರೂಪಾಯಿ, ಮೆಮೊರಿ 8 ಜಿಬಿ. ವರ್ಷದ ಕೊನೆಗೆ ಹೊಸದು ಬರುತ್ತದೆಂಬ ಸುದ್ದಿ ಎಲ್ಲೆಲ್ಲೂ ಹಬ್ಬಿತ್ತು. ಆದರೆ ಕಂಪನಿಯದು ತುಟಿಪಿಟಕ್ ಇಲ್ಲ.

ಕಂಪನಿಗಳು ಹೀಗೆ ಬಾಯಿ ಬಿಗಿಹಿಡಿಯುವುದಕ್ಕೆ ಒಂದು ಕಥೆಯಿದೆ. ತಿರುವಣ್ಣಾಮಲೈಯಲ್ಲಿ ಬಾಲ್ಯ ಕಳೆದ ಆ್ಯಡಂ ಆಸ್ಬರ್ನ್ ಎಂಬಾತ ಅಮೆರಿಕದಲ್ಲಿ ಕಂಪನಿ ಕಟ್ಟಿ, 1981ರಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರನ್ನು 1,795 ಡಾಲರಿಗೆ ಮಾರಿದ. ತೂಕ ಸುಮಾರು 11 ಕಿಲೋ! ಆದರೂ ಜನ ಮುಗಿಬಿದ್ದು ಕೊಂಡರು. 1983ರಲ್ಲಿ ಮುಂದಿನ ಮಾದರಿಯ ಸುದ್ದಿ ಹೊರಬಿದ್ದದ್ದೇ ತಡ, ಇದ್ದದ್ದನ್ನು ಕೊಳ್ಳುವವರು ಹಿಂದೆ ಸರಿದರು ಎನ್ನುತ್ತಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ. ಅದೇನೇ ಇರಲಿ, ಮುಂದಿನ ಸರಕಿನ ಸುದ್ದಿ ಇಂದಿನ ವ್ಯಾಪಾರವನ್ನು ಕೊಲ್ಲುತ್ತದೆಂಬ ಪಾಠವನ್ನು ಎಲ್ಲ ಕಂಪನಿಗಳೂ ಕಲಿತವು. ಹೀಗಾಗಿ ನಾವು, ನೀವು ಯಾವಾಗ ಕೊಳ್ಳಬೇಕೆಂದು ಮಾರುವವರು ಹೇಳುವುದಿಲ್ಲ.

ಹಿಂದಿನ ಲೆಕ್ಕ ನೋಡಿ ಊಹಿಸೋಣವೆಂದರೆ ಅದೂ ಪೂರ್ತಿ ನಂಬುವಂಥದ್ದಲ್ಲ. ಮ್ಯಾಕ್ ಮಿನಿ ಮೊದಲು ಬಂದದ್ದು 2005ರ ಜನವರಿಯಲ್ಲಿ. 2014ರ ಅಕ್ಟೋಬರಿನಲ್ಲಿ ಒಂದು ಮಾದರಿ ಬಂದ ಮೇಲೆ ಮುಂದಿನದು ಬಂದದ್ದು 2018ರ ಅಕ್ಟೋಬರ್ ಕೊನೆಗೆ, ಅಂದರೆ ನಾಲ್ಕು ವರ್ಷಕ್ಕೆ! 2015ರಲ್ಲಿ "ಇನ್ನೇನು ಬಂದೇಬಿಡುತ್ತೆ" ಎಂದು ಕಾಯತೊಡಗಿದ ವಿದ್ಯಾರ್ಥಿ, ಕಾಯುತ್ತಲೇ ಮೂರು ವರ್ಷದ ಪದವಿ ಮುಗಿಸಬಹುದಿತ್ತು. ಆಮೇಲೆ 2020ರ ನವೆಂಬರಿನಲ್ಲಿ ಎಂ1, 2023ರ ಜನವರಿಯಲ್ಲಿ ಎಂ2. ಈ ಲೆಕ್ಕದಲ್ಲಿ ಎರಡು ವರ್ಷಕ್ಕೊಮ್ಮೆ ಎನ್ನಬಹುದು. ಆದರೆ ಇದು ಪಂಚಾಂಗವಲ್ಲ.

ಮಗಳು ಚಿಕ್ಕಪ್ಪನಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ನಿಂಗೆ ಅದು ಯಾವತ್ತು ಬೇಕೇಬೇಕು?" ಎಂದು ಕೇಳಿದ.

"ಡಿಸೆಂಬರಿನಲ್ಲಿ ಪ್ರಾಜೆಕ್ಟ್ ಕೊಡಬೇಕು ಚಿಕ್ಕಪ್ಪ. ಅಲ್ಲಿವರೆಗೂ ಕಾಲೇಜಿನ ಲ್ಯಾಬ್ ಇದೆ."

"ಹಂಗಾದ್ರೆ ದೀಪಾವಳಿವರೆಗೂ ಕಾಯಿ. ಹೊಸದು ಬಂದ್ರೆ ಅದು, ಬರ್ಲಿಲ್ಲ ಅಂದ್ರೆ ಇರೋದು. ತಾರೀಕು ಹಾಕಿ ಕಾಯ್ಬೇಕಮ್ಮ. ನಿಮ್ಮಪ್ಪನ್ ಥರ ಅಲ್ಲ."

ನಗುತ್ತಲೇ ಹೇಳಿದ. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. 28 ವರ್ಷ ಅವನು ಹೇಳದೇ ಉಳಿಸಿಕೊಂಡಿದ್ದ ಮಾತು ಅದು.

ಮಗಳು ಕ್ಯಾಲೆಂಡರಿನಲ್ಲಿ ಅಕ್ಟೋಬರ್ 31, ನರಕ ಚತುರ್ದಶಿಯ ದಿನಕ್ಕೆ ಕೆಂಪು ಗುರುತು ಹಾಕಿದಳು. ಅದಕ್ಕೆ ಎರಡೇ ದಿನ ಮೊದಲು, 29ರಂದು ಹೊಸ ಮಾದರಿ ಪ್ರಕಟವಾಯಿತು. ಎಂ4 ಚಿಪ್ಪು, ಅಂಗೈಯಗಲದ ಐದಿಂಚು ಚೌಕದ ಪೆಟ್ಟಿಗೆ, ಮೆಮೊರಿ 16 ಜಿಬಿ. ಬೆಲೆ ಮೊದಲಿನಷ್ಟೇ, 59,900. ವಿದ್ಯಾರ್ಥಿಗಳಿಗೆ 49,900. ನವೆಂಬರಿನಲ್ಲಿ ಮನೆಗೆ ಬಂತು.

ಗೆದ್ದವನಂತೆ ತಮ್ಮನಿಗೆ ಫೋನು ಮಾಡಿದೆ. "ಬರದೇ ಇದ್ದಿದ್ರೆ?" ಎಂದ. "ಹಳೇದನ್ನೇ ತರ್ತಿದ್ವಿ" ಎಂದೆ. "ಹಂಗಾದ್ರೆ ಸರಿ" ಎಂದ. ಹೊಸದು ಸಿಕ್ಕಿದ್ದಕ್ಕಿಂತ ಆ ಉತ್ತರವೇ ಅವನಿಗೆ ಮುಖ್ಯವಾಗಿತ್ತು.

ಮಕ್ಕಳಿಗೆ ಕಂಪ್ಯೂಟರು ಕೊಡಿಸುವ ತಂದೆ-ತಾಯಂದಿರಿಗೆ ಈ ಮೇಷ್ಟ್ರ ಮಾತು ಇಷ್ಟೆ. ಮಗುವಿಗೆ ಅದು ಬೇಕಾಗುವ ದಿನ ಯಾವುದೆಂದು ಮೊದಲು ಕೇಳಿ, ಆ ದಿನದಿಂದ ಹಿಂದಕ್ಕೆ ಎಣಿಸಿ. ಇಂದೇ ಬೇಕಿದ್ದರೆ ಇಂದೇ ಕೊಳ್ಳಿ, ನಾಳೆ ಹೊಸದು ಬಂದರೂ ಕೊರಗಬೇಡಿ. ಹೊಸದು ಬಂದಿತೆಂದು ನಿಮ್ಮ ಪೆಟ್ಟಿಗೆ ಕೆಲಸ ನಿಲ್ಲಿಸುವುದಿಲ್ಲ. ಸಮಯವಿದ್ದರೆ ಕಾಯಿರಿ, ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯಿರಿ. ಇನ್ನೊಂದು ವಿಷಯ. ಇಂಥ ಪುಟ್ಟ ಪೆಟ್ಟಿಗೆಗಳಲ್ಲಿ ಹಲವಕ್ಕೆ ಆಮೇಲೆ ಮೆಮೊರಿ ಸೇರಿಸಲಾಗದು, ಮ್ಯಾಕ್ ಮಿನಿಯೂ ಹಾಗೆಯೇ. ಫೈಲುಗಳಿಗೆ ಜಾಗ ಸಾಲದಿದ್ದರೆ ಹೊರಗಿನಿಂದ ಡಿಸ್ಕ್ ಜೋಡಿಸಬಹುದು. ಆದ್ದರಿಂದ ಕೈಯಲ್ಲಿ ಹೆಚ್ಚಿಗೆ ಹಣವಿದ್ದರೆ ಮೊದಲು ಮೆಮೊರಿಗೆ ಹಾಕಿ. ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಸಂಕ್ರಾಂತಿಗೆ ತಮ್ಮ ಮನೆಗೆ ಬಂದಿದ್ದ. ಮಗಳು ತನ್ನ ವಿಡಿಯೊ ತೋರಿಸಿದಳು. ಅವನು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿ, "ಈ ತಲೆಬರಹದ ಅಕ್ಷರ ತುಂಬಾ ಒತ್ತಾಗಿ ಕೂತಿವೆ. ಸ್ವಲ್ಪ ಬಿಡಿಸು. ಓದೋರಿಗೆ ಉಸಿರಾಡೋಕೆ ಜಾಗ ಬೇಕು" ಎಂದ. ಅವಳು ಬಿಡಿಸಿದಳು. ನಿಜಕ್ಕೂ ಚೆನ್ನಾಗಿ ಕಂಡಿತು. ಸಂಜೆಯವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ. ನಾನು ಎರಡು ಸಲ ಕಾಫಿ ಮಾಡಿ ತಂದುಕೊಟ್ಟೆ.