ನಿಂತ ಮೇಲೆ ಕಂಡದ್ದು

ಮಕ್ಕಳ ಮುಂದೆ ಆಡಲಾಗದ ಮಾತಿಗೆ ಕನ್ನಡದ ಗೃಹಿಣಿ ಮರೆಯ ಮಾತುಗಳನ್ನು ಹುಡುಕಿಕೊಂಡಿದ್ದಾಳೆ. ‘ಕಾಗೆ ಮುಟ್ಟಿತು’ ಎಂದರಾಯಿತು, ‘ಹೊರಗಾಗಿದ್ದಾಳೆ’ ಎಂದರಾಯಿತು, ತಿಳಿಯಬೇಕಾದವರಿಗೆ ತಿಳಿಯುತ್ತದೆ. ಆ ತಿಂಗಳ ಲೆಕ್ಕ ಮುಗಿದಾಗ ‘ನಿಂತಿತು’ ಎಂಬ ಒಂದೇ ಮಾತು ಸಾಕು. ಆದರೆ ನಿಂತು ವರ್ಷಗಳಾದ ಮೇಲೆ ಒಂದು ದಿನ ಸೀರೆಯ ಮೇಲೆ ಮತ್ತೆ ಕೆಂಪು ಕಲೆ ಕಂಡರೆ, ಅದನ್ನು ಹೇಳಲು ಮನೆಯ ಭಾಷೆಯಲ್ಲಿ ಸಿದ್ಧವಾದ ಮಾತೊಂದಿಲ್ಲ. ಮಾತಿಲ್ಲದ್ದನ್ನು ಹೇಳುವುದೆಂತು? ‘ಉಷ್ಣವಾಗಿರಬೇಕು’ ಎಂದು ಆಕೆ ಎಳನೀರು ಕುಡಿದು, ಸೀರೆಯನ್ನು ತಾನೇ ಒಗೆದುಹಾಕಿ, ಸುಮ್ಮನಾಗುತ್ತಾಳೆ. ಅಪಾಯವಿರುವುದು ಆ ಸುಮ್ಮನಾಗುವಿಕೆಯಲ್ಲಿ.

ಗರ್ಭಕೋಶವೆಂಬುದು ಬೇರಿಕಾಯಿಯನ್ನು ತಲೆಕೆಳಗಾಗಿ ಹಿಡಿದಂತಿರುವ, ಹೆಚ್ಚೆಂದರೆ ಮುಷ್ಟಿಯಷ್ಟಿರುವ ಅವಯವ. ಹೊರಗೆ ದಪ್ಪನಾದ ಸ್ನಾಯುವಿನ ಗೋಡೆ. ಅದರೊಳಗೆ ತಿಂಗಳು ತಿಂಗಳೂ ಬೆಳೆದು ಕಳಚಿಬೀಳುವ ಮೃದುವಾದ ಒಳಪದರ. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಈ ಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟೆರಾನ್ ಅದಕ್ಕೆ ಕಡಿವಾಣ ಹಾಕುತ್ತದೆ. ನಲವತ್ತರ ಆಚೆಗೆ ಇವೆರಡರ ಹೊಂದಾಣಿಕೆ ಸಡಿಲುತ್ತದೆ; ಕೊನೆಗೊಮ್ಮೆ ಎರಡೂ ತಗ್ಗುತ್ತವೆ. ಆದುದರಿಂದಲೇ ರಕ್ತಸ್ರಾವವೆಂಬ ಒಂದೇ ಲಕ್ಷಣಕ್ಕೆ ಮುಟ್ಟು ನಿಲ್ಲುವ ಮೊದಲು ಒಂದು ಅರ್ಥ, ನಿಂತ ಮೇಲೆ ಇನ್ನೊಂದು ಅರ್ಥ. ಈ ಭೇದ ತಿಳಿಯದವರು ಹೆದರಬೇಕಿಲ್ಲದಲ್ಲಿ ಹೆದರುತ್ತಾರೆ, ಎಚ್ಚರವಾಗಬೇಕಾದಲ್ಲಿ ನಿದ್ರಿಸುತ್ತಾರೆ.

ಮೊದಲಿನ ಅವಸ್ಥೆಯಲ್ಲಿ ಕಾರಣಗಳು ಹಲವು. ಅವುಗಳಲ್ಲಿ ಬಹುಪಾಲು ಕ್ಯಾನ್ಸರಲ್ಲ. ಸ್ನಾಯುವಿನ ಗೋಡೆಯಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ ಕಡಲೆಕಾಳಿನಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಒಳಪದರದಂಥ ಅಂಗಾಂಶವು ಗೋಡೆಯೊಳಗೆ ಬೆಳೆದು ಗರ್ಭಕೋಶ ಊದಿಕೊಂಡು ನೋಯುವುದು ಅಡಿನೋಮಯೋಸಿಸ್. ತೊಟ್ಟಿನಿಂದ ಜೋತುಬಿದ್ದ ಕಾಯಿಯಂತಿರುವುದು ಪಾಲಿಪ್. ಇವಲ್ಲದೆ ಥೈರಾಯ್ಡಿನ ದೋಷ, ರಕ್ತ ಹೆಪ್ಪುಗಟ್ಟದಿರುವ ದೋಷ, ಸೇವಿಸುತ್ತಿರುವ ಔಷಧ—ಯಾವುದೂ ಕಾರಣವಾದೀತು. 2011ರಲ್ಲಿ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು ಈ ಕಾರಣಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ವೈದ್ಯರು ಒಂದೊಂದನ್ನೇ ವಿಚಾರಿಸಿ, ಅಲ್ಲವೆಂದು ಬದಿಗಿಟ್ಟು, ಉಳಿದದ್ದನ್ನು ಹಿಡಿಯುತ್ತಾರೆ. ‘ಗರ್ಭಿಣಿಯೇ?’ ಎಂಬ ಪ್ರಶ್ನೆಯಿಂದ ನಲವತ್ತೈದರಾಕೆಗೆ ನಗು ಬಂದೀತು; ಆದರೂ ಅದು ಕೇಳಲೇಬೇಕಾದ ಪ್ರಶ್ನೆ. ಆ ವಯಸ್ಸು ದಾಟಿದವರಲ್ಲಿ ಸ್ರಾವ ಕ್ರಮ ತಪ್ಪಿದ್ದರೆ ಒಳಪದರದ ಚೂರೊಂದನ್ನು ತೆಗೆದು ಪರೀಕ್ಷಿಸುವುದೂ ವಿಹಿತ.

ಕ್ಯಾನ್ಸರಲ್ಲವೆಂದ ಮಾತ್ರಕ್ಕೆ ಅಲಕ್ಷಿಸತಕ್ಕದ್ದೂ ಅಲ್ಲ. ತಿಂಗಳು ತಿಂಗಳೂ ಎಂಟು ಹತ್ತು ದಿನ ರಕ್ತ ಹೋಗುವ ಹೆಂಗಸು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ವಯಸ್ಸಲ್ಲ, ರಕ್ತಹೀನತೆ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವವಳ ಆಯಾಸಕ್ಕೆ ಕಾರಣ ಕೇಳುವವರು ಕಡಮೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯಶಾಸ್ತ್ರದ ಲೆಕ್ಕ. ಭಾರತದ ಸ್ತ್ರೀಯರಲ್ಲಿ ಇದು ಸರಾಸರಿ 46–47ರ ವಯಸ್ಸಿನಲ್ಲಿ ಆಗುತ್ತದೆ. ಅಲ್ಲಿಂದಾಚೆಗೆ ನಿಯಮ ಒಂದೇ: ಒಂದು ಹನಿ ಕಂಡರೂ, ಒಮ್ಮೆಯೇ ಕಂಡರೂ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಹಾಗೆ ತೋರಿಸಿಕೊಂಡವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಪದರ ತೆಳುವಾಗಿ ಒಣಗಿದ್ದು, ಇಲ್ಲವೆ ಪಾಲಿಪ್, ಕಾರಣವಾಗಿರುತ್ತದೆ. ಆದರೆ ಲೆಕ್ಕವನ್ನು ತಿರುಗಿಸಿ ನೋಡಬೇಕು. ಮುಟ್ಟು ನಿಂತ ಮೇಲೆ ಒಳಪದರದ ಕ್ಯಾನ್ಸರ್ ತಗಲಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತ ಕಾಣಿಸಿಕೊಂಡಿರುತ್ತದೆ. ರೋಗವು ಮುಂಚಿತವಾಗಿ ಕೂಗಿ ಹೇಳುತ್ತದೆ. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಗುಣಹೊಂದುತ್ತಾರೆ. ಸ್ಥೂಲಕಾಯ, ಮಧುಮೇಹ, ಸ್ತನ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಸೇವನೆ—ಇವುಗಳುಳ್ಳವರಿಗೆ ಎಚ್ಚರ ಇನ್ನಷ್ಟು ಬೇಕು. ಫೈಬ್ರಾಯ್ಡ್ ಕೂಡ ಈ ಕಾಲದಲ್ಲಿ ಕುಗ್ಗಬೇಕು. ಬೆಳೆದರೆ ತಪಾಸಣೆ ಆಗಬೇಕು.

ಪರೀಕ್ಷೆ ಎಂದೊಡನೆ ಭಯಪಡಬೇಕಾದದ್ದಿಲ್ಲ. 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, ಕಿವಿಗೆ ಕೇಳದ ಶಬ್ದತರಂಗಗಳಿಂದ ಹೊಟ್ಟೆಯೊಳಗಿನ ಗಡ್ಡೆಗಳನ್ನು ಕಾಣಬಹುದೆಂದು ಪ್ರಕಟಿಸಿದರು. ಅದರಿಂದ ಬೆಳೆದುಬಂದ ಸ್ಕ್ಯಾನಿಂಗ್ ಒಳಪದರದ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್ ಅಥವಾ ಕಡಮೆ ಇದ್ದರೆ ಕ್ಯಾನ್ಸರಿನ ಸಂಭವ ಅತ್ಯಲ್ಪ. ಅದಕ್ಕಿಂತ ದಪ್ಪವಿದ್ದರೆ, ಇಲ್ಲವೆ ಸ್ರಾವ ಮರುಕಳಿಸಿದರೆ, ಸಣ್ಣ ನಳಿಕೆಯಿಂದ ಪದರದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ‘ಪ್ಯಾಪ್ ಪರೀಕ್ಷೆ ಆಗಿದೆ, ಎಲ್ಲ ಸರಿಯಿದೆ’ ಎಂದು ನೆಮ್ಮದಿಗೊಳ್ಳುವವರುಂಟು. ಆ ಪರೀಕ್ಷೆ ಇರುವುದು ಗರ್ಭಕೋಶದ ಕೊರಳಿಗೆ. ಬಾಗಿಲನ್ನು ನೋಡಿದ ಮಾತ್ರಕ್ಕೆ ಕೋಣೆಯನ್ನು ನೋಡಿದಂತಾಗದು.

ಇನ್ನು, ತಡಮಾಡುವ ತಪ್ಪಿಗೆ ಎದುರಾದ ತಪ್ಪೊಂದುಂಟು. ‘ಮಕ್ಕಳಾದುವಲ್ಲ, ಇನ್ನೇಕೆ, ತೆಗೆಸಿಬಿಡಿ’ ಎಂಬ ಆತುರ ಅದು. ನೆಗಡಿಯಾಯಿತೆಂದು ಮೂಗು ಕೊಯ್ಯಿಸಿಕೊಳ್ಳುವವರಿಲ್ಲ. ಫೈಬ್ರಾಯ್ಡ್ ಕ್ಯಾನ್ಸರಾಗುವುದು ತೀರ ಅಪರೂಪ. 1962ರಲ್ಲಿ ಜಪಾನಿನ ಒಕಾಮೊಟೊ ದಂಪತಿಗಳು ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿದೆ. ಗರ್ಭಕೋಶದಲ್ಲಿಟ್ಟರೆ ವರ್ಷಗಟ್ಟಲೆ ಪ್ರೊಜೆಸ್ಟೆರಾನಿನಂಥ ಹಾರ್ಮೋನನ್ನು ಸೂಸುವ ಸಾಧನವಿದೆ. ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಯಿದೆ. ಎಳೆಯ ವಯಸ್ಸಿನಲ್ಲಿ ಅಂಡಾಶಯಗಳನ್ನೂ ಜೊತೆಗೇ ತೆಗೆದರೆ ಎಲುಬು ಸವೆಯುತ್ತದೆ, ಹೃದಯಕ್ಕೂ ಕೇಡು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರಕಾರವು 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳೊಳಗೆ ಅದನ್ನು ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಚೂರಿನ ಪರೀಕ್ಷೆ ಕ್ಯಾನ್ಸರೆಂದು ಹೇಳಿದಲ್ಲಿ ಮಾತು ಬೇರೆ; ಅಲ್ಲಿ ತೆಗೆಸುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.

ಈ ಎರಡು ತಪ್ಪುಗಳ ನಡುವಣ ದಾರಿ ಕಷ್ಟದ್ದಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟು ಬಂದ ದಿನ, ಹೋದ ದಿನಗಳಿಗೆ ಒಂದೊಂದು ಗುರುತು ಹಾಕಿಟ್ಟರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ಮನೆಯವರದು. ಬೆಳೆದ ಮಗಳೋ ಸೊಸೆಯೋ ಬಿಡುವಾದಾಗ ಹತ್ತಿರ ಕುಳಿತು, “ಅಮ್ಮಾ, ನಿಂತ ಮೇಲೆ ಮತ್ತೇನಾದರೂ ಕಂಡಿತೆ?” ಎಂದು ನಾಚದೆ ಕೇಳಿದರೆ, ಮಾತು ಸಿಗದೆ ಸುಮ್ಮನಿದ್ದ ಆ ತಾಯಿಗೆ ಹೇಳಿಕೊಳ್ಳಲು ದಾರಿ ಸಿಕ್ಕೀತು.