ಅರೆತಲೆಯೂ ಅಲ್ಲ, ನೋವೂ ಅಲ್ಲ

ಪದವು ಅರ್ಥವನ್ನು ತೋರುವಂತೆ ಒಮ್ಮೊಮ್ಮೆ ಮರೆಮಾಡುವುದೂ ಉಂಟು. ಕನ್ನಡದಲ್ಲಿ ಅರೆತಲೆನೋವು ಎಂದು ಕರೆಯುವ ಕಾಯಿಲೆ ಇದಕ್ಕೆ ನಿದರ್ಶನ. ಇದನ್ನು ಹೋಲುವ ಶಿರೋರೋಗವನ್ನು ಸುಶ್ರುತಸಂಹಿತೆಯು ಅರ್ಧಾವಭೇದಕ ಎನ್ನುತ್ತದೆ. ಮೈಗ್ರೇನ್ ಎಂಬ ಮಾತೂ ಅರ್ಧ ತಲೆಬುರುಡೆ ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದುದು. ಮೂರು ನುಡಿಗಳೂ ಅರ್ಧವನ್ನೇ ಹಿಡಿದಿವೆ. ಆದರೆ ರೋಗವು ಇಡೀ ತಲೆಯನ್ನು ಹಿಡಿಯಬಹುದು. ನೋವೇ ಇಲ್ಲದೆಯೂ ಬರಬಹುದು. ಹಾಗೆ ಬಂದಾಗ ಹೆಸರೇ ರೋಗಿಗೆ ಅಡ್ಡಿಯಾಗುತ್ತದೆ.

ತಣಿಸಂದ್ರದ ಮುಖ್ಯರಸ್ತೆಯಿಂದ ಒಳಗೆ, ಒಂದು ಓಣಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟುಕೊಂಡಿರುವ ತಾಯಿಯೊಬ್ಬರಿದ್ದಾರೆ. ಹಾವೇರಿ ಜಿಲ್ಲೆಯ ಕಡೆಯವರು. ಮೂರು ವರ್ಷ ಅವರು ಅನುಭವಿಸಿದ್ದು ಇದನ್ನೇ. ರವಿಕೆಯ ತೋಳನ್ನು ಜೋಡಿಸುತ್ತಿರುವಾಗ ಯಂತ್ರವೂ ಕುರ್ಚಿಯೂ ನೆಲವೂ ಒಟ್ಟಿಗೆ ಓಲಾಡತೊಡಗುವವು. ಒಂದೊಂದು ದಿನ ಅದಕ್ಕೆ ಮೊದಲು ಕಣ್ಣಿನ ಅಂಚಿನಲ್ಲಿ ಬಿಳಿಯ ಹಲ್ಲುಗಳ ಸಾಲೊಂದು ಮಿನುಗುತ್ತ ಹರಡುವುದು. ಇಪ್ಪತ್ತು ನಿಮಿಷದಲ್ಲಿ ಅದು ಮಾಯವಾದರೂ ಓಲಾಟ ಸಂಜೆಯವರೆಗೆ ಉಳಿಯುವುದು. ತಲೆನೋವು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸೂಜಿಯ ಕೆಳಗೆ ಬೆರಳಿರುವಾಗ ಹೀಗಾದರೆ ಗತಿಯೇನೆಂಬ ಭಯದಿಂದ ಅವರು ಹೊಸ ಬಟ್ಟೆ ಒಪ್ಪಿಕೊಳ್ಳುವುದನ್ನೇ ಕಡಿಮೆ ಮಾಡಿದರು.

ಮೊದಲ ವೈದ್ಯರು ರಕ್ತದೊತ್ತಡ ಕಡಿಮೆಯೆಂದರು. ಎರಡನೆಯವರು ಕಿವಿಯ ದೋಷವೆಂದು ತಲೆಯನ್ನು ಹೊರಳಿಸುವ ವ್ಯಾಯಾಮ ಹೇಳಿದರು. ಕಿವಿಯೊಳಗಿನ ಹರಳುಗಳು ಸ್ಥಾನ ತಪ್ಪಿದಾಗ ಅದು ನಿಜಕ್ಕೂ ಫಲ ಕೊಡುವ ಉಪಾಯವೇ. ಆದರೆ ಆ ಸುತ್ತು ಮಗ್ಗುಲು ಬದಲಿಸಿದಾಗ ಬಂದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುವಂಥದು, ಇವರದು ಗಂಟೆಗಟ್ಟಲೆಯದು. ಮೂರನೆಯವರು ಕತ್ತಿನ ಮೂಳೆ ಸವೆದಿದೆಯೆಂದು ಪಟ್ಟಿ ಕಟ್ಟಿಸಿದರು. ಕಡೆಗೆ ತಲೆಯ ಸ್ಕ್ಯಾನ್ ಆಯಿತು. ವರದಿ ನೋಡಿದವರು ಹೇಳಿದ್ದು ಎರಡೇ ಮಾತು: ಏನೂ ಇಲ್ಲ.

ಈ ಎರಡು ಮಾತನ್ನು ಬಿಡಿಸಿ ನೋಡಬೇಕು. ಚಿತ್ರದಲ್ಲಿ ಗೆಡ್ಡೆಯಿಲ್ಲ, ರಕ್ತಸ್ರಾವವಿಲ್ಲ ಎಂಬುದು ಅದರ ವಾಚ್ಯಾರ್ಥ, ಸಮಾಧಾನದ ಸಂಗತಿಯೇ. ಮನೆಗೆ ಬರುವಷ್ಟರಲ್ಲಿ ಅದು ನಿನಗೇನೂ ಇಲ್ಲ ಎಂದಾಯಿತು. ಅತ್ತೆಯವರು ದೃಷ್ಟಿ ತೆಗೆದರು. ಪತಿ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಮತ್ತೆ ಆಸ್ಪತ್ರೆಯ ಮಾತೆತ್ತಲಿಲ್ಲ. ಆ ವರ್ಷ ತಮ್ಮ ಅನುಭವವನ್ನು ತಾವೇ ನಂಬದಾದದ್ದು ರೋಗಕ್ಕಿಂತ ಕಷ್ಟವಾಗಿತ್ತೆಂದು ಆ ತಾಯಿ ಈಗಲೂ ಹೇಳುತ್ತಾರೆ. ಮೈಗ್ರೇನನ್ನು ತೋರುವ ರಕ್ತಪರೀಕ್ಷೆಯಿಲ್ಲ, ಅದನ್ನು ಹಿಡಿದುಕೊಡುವ ಚಿತ್ರವಿಲ್ಲ. ಪರೀಕ್ಷೆಗಳು ಬೇರೆ ರೋಗವಿಲ್ಲವೆಂದು ಮಾತ್ರ ತೋರಬಲ್ಲವು. ನಿರ್ಣಯವೆಲ್ಲ ರೋಗಿಯ ಮಾತಿನ ಮೇಲೆಯೇ ನಿಂತಿದೆ.

ಆ ಮಾತಾದರೂ ಸರಿಯಾಗಿ ತಲುಪಿತೇ? ಇವರು ಹೇಳಿದ್ದು "ಜೋಲಿ ಹೋದಂಗ ಆಗತೈತ್ರಿ" ಎಂದು. ಚೀಟಿಯಲ್ಲಿ ಪ್ರತಿ ಸಲವೂ ಬರೆದದ್ದು ತಲೆಸುತ್ತು. ಹಸಿವಿನ ನಿತ್ರಾಣ, ಎದ್ದು ನಿಂತಾಗಿನ ಕಣ್ಣುಕತ್ತಲೆ, ಮನೆ ಗಿರಗಿರನೆ ತಿರುಗುವುದು, ತೂರಾಡುವ ನಡಿಗೆ ಇವೆಲ್ಲವನ್ನೂ ಆ ಒಂದೇ ಮಾತು ನುಂಗಿಬಿಡುತ್ತದೆ. ನಾಲ್ಕನೆಯದಾಗಿ ಕಂಡ ನರರೋಗ ತಜ್ಞೆ ಮಾತ್ರ ಕೇಳಿದರು: "ಮನೆ ತಿರುಗುತ್ತದೆಯೋ, ನೀವೇ ತಿರುಗಿದಂತೆ ಆಗುತ್ತದೆಯೋ?" ಉತ್ತರ ಬಂತು: "ಎರಡೂ ಅಲ್ರೀ ಮೇಡಂ, ತೊಟ್ಟಿಲದಾಗ ಕುಂತಂಗ ಆಗತೈತಿ." ಬೆಳಕು ಚುಚ್ಚುತ್ತದೆಯೇ, ಸದ್ದು ಸಹಿಸಲಾಗದೇ, ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತೇ ಎಂಬ ಪ್ರಶ್ನೆಗಳು ಬಂದವು. ಎಲ್ಲಕ್ಕೂ ಹೌದು. ಕಣ್ಣಿನ ಮುಂದಿನ ಬಿಳಿಯ ಹಲ್ಲುಗಳು ಹೇಗಿರುತ್ತವೆ ಎಂದಾಗ, ಇಳಕಲ್ ಸೀರೆಯ ಟೋಪಿ ತೆನಿ ಸೆರಗಿನಂತೆ ಎಂದರು. ಯುರೋಪಿನ ವೈದ್ಯರು ಇದೇ ದೃಶ್ಯವನ್ನು ಕೋಟೆಯ ಗೋಡೆಯ ಮೂಲೆಗಳಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಹೊಲಿಗೆಯವರಿಗೆ ಸೆರಗು ಕಂಡಿತು. ಬ್ರೆಜಿಲಿನ ಲಿಯಾವೊ 1944ರಲ್ಲಿ ಮೊಲಗಳ ಮಿದುಳಿನ ಮೇಲೆ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ತೆವಳುವ ಒಂದು ಸ್ತಬ್ಧತೆಯ ಅಲೆಯನ್ನು ಕಂಡರು. ಆ ಹಲ್ಲುಗಳ ಸಾಲು ಮೆಲ್ಲಗೆ ಹರಡುವುದು ಅಂಥ ಅಲೆಯಿಂದಲೇ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

ತಜ್ಞೆ ಕೊಟ್ಟ ಹೆಸರು ವೆಸ್ಟಿಬ್ಯುಲರ್ ಮೈಗ್ರೇನ್, ಅಂದರೆ ದೇಹದ ಸಮತೋಲನವನ್ನು ಕೆಡಿಸುವ ಮೈಗ್ರೇನ್. ಇದನ್ನು ಗುರುತಿಸುವ ಲಕ್ಷಣಗಳನ್ನು ಬಾರಾನಿ ಸೊಸೈಟಿ ಮತ್ತು ಅಂತರರಾಷ್ಟ್ರೀಯ ತಲೆನೋವು ಸಂಸ್ಥೆ ಕೂಡಿ ಗೊತ್ತುಪಡಿಸಿದ್ದು 2012ರಲ್ಲಿ. ಕನಿಷ್ಠ 5 ಸಲ, 5 ನಿಮಿಷದಿಂದ 72 ಗಂಟೆಯವರೆಗಿನ ಓಲಾಟ ಅಥವಾ ಸುತ್ತು ಬಂದಿರಬೇಕು. ಅವುಗಳಲ್ಲಿ ಅರ್ಧದಷ್ಟು ಸಲವಾದರೂ ಮೈಗ್ರೇನಿನ ಬೇರೆ ಗುರುತು ಜೊತೆಗಿರಬೇಕು. ಪ್ರತಿ ಸಲವೂ ತಲೆ ನೋಯಲೇಬೇಕೆಂಬ ನಿಯಮ ಅದರಲ್ಲಿಲ್ಲ. ಇಷ್ಟು ಈಚಿನ ಹೆಸರು ಮೊದಲ ಮೂವರಿಗೆ ಹೊಳೆಯದಿದ್ದರೆ ಅದನ್ನು ಅಲಕ್ಷ್ಯ ಎನ್ನುವುದು ನ್ಯಾಯವಲ್ಲ. ಆದರೆ ಸಾಮಾನ್ಯ ಮೈಗ್ರೇನಂತೂ ಈ ನಾಡಿಗೆ ಅಪರೂಪವಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಜನರನ್ನು ಮನೆಮನೆಗೆ ಹೋಗಿ ಕೇಳಿ ನಿಮ್ಹಾನ್ಸ್‌ನ ತಜ್ಞರು 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ವರ್ಷದೊಳಗೆ ಮೈಗ್ರೇನ್ ಕಂಡವರು ಶೇಕಡಾ 25ರಷ್ಟು.

ತಜ್ಞೆಯ ಸೂಚನೆಯಂತೆ ಆ ತಾಯಿ ಅಳತೆಯ ಪುಸ್ತಕದ ಹಿಂಬದಿಯಲ್ಲೇ ದಿನಾಂಕ ಬರೆಯತೊಡಗಿದರು. ಎರಡು ತಿಂಗಳಲ್ಲಿ ಒಂದು ಸಂಗತಿ ಹೊರಬಿತ್ತು: ಭಾನುವಾರಗಳೇ ಹೆಚ್ಚು. ಅಂದು ತಲೆಗೆ ಎರೆದುಕೊಳ್ಳುವುದು, ಕೂದಲು ಒದ್ದೆಯಿರುವಾಗಲೇ ಲಿಂಗಪೂಜೆ, ಪೂಜೆಯಾಗದೆ ತುತ್ತು ಮುಟ್ಟುವಂತಿಲ್ಲ. ಬಾಯಿಗೆ ಏನಾದರೂ ಬೀಳುವಾಗ ಹನ್ನೊಂದು ಗಂಟೆ. ಹಸಿವು ಮೈಗ್ರೇನನ್ನು ಕೆರಳಿಸುವುದು ಎಲ್ಲರೂ ಬಲ್ಲದ್ದು. ತಲೆಸ್ನಾನ ಕೆರಳಿಸುವುದನ್ನು ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು 94 ಭಾರತೀಯ ರೋಗಿಗಳಲ್ಲಿ ಗಮನಿಸಿ 2006ರಲ್ಲಿ ಬರೆದರು. ತಲೆಸ್ನಾನ ಶನಿವಾರ ಮಧ್ಯಾಹ್ನಕ್ಕೆ ಹೋಯಿತು. ಪೂಜೆ ಬಿಡುವ ಪ್ರಶ್ನೆಯೇ ಏಳಲಿಲ್ಲ. ಭಾನುವಾರವೂ ಆರಕ್ಕೇ ಎದ್ದರು, ಅಷ್ಟೆ. ಎರಡು ದಿನಕ್ಕೊಮ್ಮೆ ನುಂಗುತ್ತಿದ್ದ ಅಂಗಡಿಯ ನೋವಿನ ಮಾತ್ರೆಯೂ ನಿಂತಿತು. ಅಂಥ ಮಾತ್ರೆ ತಿಂಗಳಿಗೆ 15 ದಿನ ಮುಟ್ಟಿ ಹಾಗೇ ಮುಂದುವರಿದರೆ ಅದೇ ತಲೆನೋವನ್ನು ಹುಟ್ಟಿಸಬಲ್ಲದು. ತಡೆಗಟ್ಟುವ ಒಂದು ಔಷಧವನ್ನು ವೈದ್ಯೆ ರಾತ್ರಿಗೆ ಬರೆದರು.

ಎಲ್ಲ ಓಲಾಟವೂ ಮೈಗ್ರೇನಲ್ಲ ಎಂಬ ಎಚ್ಚರಿಕೆಯನ್ನೂ ಅವರು ಕೊಟ್ಟಿದ್ದಾರೆ. ಕೈಕಾಲು ಸೋಲುವುದು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಸಿಡಿಲು ಬಡಿದಂತೆ ಹಠಾತ್ತನೆ ಬರುವ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು ಇವು ಕಂಡರೆ ಪುಸ್ತಕ ತೆಗೆಯದೆ ನೇರ ಆಸ್ಪತ್ರೆಗೆ ಓಡಬೇಕು.

ಓಲಾಟ ಪೂರ್ತಿ ಹೋಗಿಲ್ಲ. ತಿಂಗಳಿಗೆ ಎಂಟು ಸಲ ಬರುತ್ತಿದ್ದುದು ಎರಡಕ್ಕೆ ಇಳಿದಿದೆ. ಆ ದಿನ ಅಂಗಡಿಯ ಕದವನ್ನು ಅರ್ಧ ಎಳೆದು ಒಳಗೆ ಚಾಪೆಯ ಮೇಲೆ ಮಲಗುತ್ತಾರೆ. ಯಾರಾದರೂ ಕೇಳಿದರೆ ಹೆಸರು ಹೇಳುತ್ತಾರೆ. ಹೆಸರು ದೊರೆತ ಮೇಲೆ ಪತಿಯೂ ಕದ ಎಳೆಯಲು ಬರುತ್ತಾರೆ. ಹನ್ನೊಂದರ ಮಗಳಿಗೆ ಊರಿಗೆ ಹೋಗುವ ಬಸ್ಸಿನಲ್ಲಿ ತುಮಕೂರು ದಾಟುವುದರೊಳಗೆ ವಾಂತಿಯಾಗುತ್ತದೆ. ಮೈಗ್ರೇನ್ ಮನೆತನದಲ್ಲಿ ಇಳಿದುಬರುವುದುಂಟು, ಆದರೆ ಈಗಲೇ ಏನೂ ಹೇಳಲಾಗದು ಎಂದಿದ್ದಾರೆ ವೈದ್ಯೆ. ತಾಯಿ ಮಾತ್ರ ಅವಳ ದಿನಾಂಕಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ.